ಒಡಲೊಳಗಿನ ಭಾರ

ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಹೊಳೆಯ ದಂಡೆಯಲ್ಲಿ ಕಾದು ಕುಳಿತವರನ್ನು ನಾವೆಲ್ಲರೂ ಕಂಡಿದ್ದೇವೆ. ಪಶ್ಚಿಮ ದೇಶಗಳ ಟ್ರೌಟ್ ಮೀನಿನ ಬೇಟೆಗಾರರಲ್ಲಿ ಇನ್ನೊಂದು ಪದ್ಧತಿಯುಂಟು. ಅವರು ಗರಿ, ಉಣ್ಣೆ, ನೂಲುಗಳನ್ನು ಗಾಳದ ಕೊಕ್ಕೆಗೆ ಸುತ್ತಿ ಹುಳುವಿನ ಪ್ರತಿರೂಪವನ್ನೇ ಕಟ್ಟುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ರಸಿಕರ ಮನಸ್ಸು ನೀರ ಮೇಲೆ ತೇಲುವ, ರೆಕ್ಕೆಯುಳ್ಳ ಹುಳುವಿಗೆ ಸೋತಿತ್ತು. ಹಾಲ್‌ಫರ್ಡ್ ಎಂಬವರು 1886ರಲ್ಲಿ ಅದನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿದರು. 1910ರಲ್ಲಿ ಸ್ಕ್ಯೂಸ್ ಎಂಬವರು ತಮ್ಮ ಪುಸ್ತಕದಲ್ಲಿ ನೀರೊಳಗಿನ ಹುಳುವಿನ ಪರವಾಗಿ ವಾದಿಸಿದರು. ಟ್ರೌಟ್ ತನ್ನ ಆಹಾರದ ಹೆಚ್ಚಿನ ಪಾಲನ್ನು ನೀರಿನೊಳಗೇ ಪಡೆಯುತ್ತದೆಂಬುದು ಇಂದು ಒಪ್ಪಿತವಾದ ಮಾತು.

ಈ ಮಾತಿಗೆ ಸ್ಟೋನ್‌ಫ್ಲೈ ಎಂಬ ಕೀಟಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕನ್ನಡದಲ್ಲಿ ಇದನ್ನು ಕಲ್ಲುನೊಣವೆನ್ನಬಹುದು. ಅಮೆರಿಕದ ಮಾಂಟಾನಾ ಪ್ರಾಂತದ ಮ್ಯಾಡಿಸನ್ ನದಿಯಲ್ಲಿರುವ ಇದರ ದೊಡ್ಡ ಜಾತಿಯ ಮರಿಹುಳು ಮೂರು ನಾಲ್ಕು ವರ್ಷ ಕಲ್ಲುಗಳ ನಡುವೆ ಬಾಳುತ್ತದೆ; ಸುಮಾರು 5 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬಳಿಕ ದಡಕ್ಕೆ ತೆವಳಿ, ಪೊರೆ ಕಳಚಿ, ರೆಕ್ಕೆ ಪಡೆದು ಕೆಲವೇ ವಾರಗಳಲ್ಲಿ ಸಾಯುತ್ತದೆ. ಈ ಮರಿಹುಳು ಸಮರ್ಥ ಈಜುಗಾರನಲ್ಲ. ಹಿಡಿತ ತಪ್ಪಿತೆಂದರೆ ಪ್ರವಾಹದೊಡನೆ ತಳದ ಮಗ್ಗುಲಲ್ಲೇ ಉರುಳಿಹೋಗುತ್ತದೆ. ಆದುದರಿಂದ ಅದರ ಪ್ರತಿರೂಪವೂ ತಳವನ್ನು ಮುಟ್ಟಲೇಬೇಕು. ಮುಟ್ಟಬೇಕಾದರೆ ಭಾರ ಬೇಕು.

ಆ ಭಾರವನ್ನು ಮೊದಲೇ ಒಡಲೊಳಗೆ ಅಡಗಿಸುತ್ತಾರೆ. ಉದ್ದ ಕಾಂಡದ ಕೊಕ್ಕೆಯನ್ನು ಇಕ್ಕಳದಲ್ಲಿ ಬಿಗಿದು, ಅದರ ಮೇಲೆ ಸೀಸದ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಜಾರದಂತೆ ನೂಲಿನಿಂದ ಬಂಧಿಸುತ್ತಾರೆ. ಕಾಗೆಯ ಗರಿಯ ಎಳೆಗಳಿಂದ ಬಾಲ, ಕಪ್ಪು ಉಣ್ಣೆಯಿಂದ ಮೈ, ತಾಮ್ರದ ತಂತಿಯ ಸುತ್ತುಗಳಿಂದ ಮೈಯ ಉಂಗುರಗಳು, ಕೋಳಿಯ ಪುಕ್ಕದಿಂದ ಕಾಲುಗಳು, ಉಷ್ಟ್ರಪಕ್ಷಿಯ ಬೂದುಗರಿಯಿಂದ ಎದೆಯ ಕಿವಿರುಗಳು ಸಿದ್ಧವಾಗುತ್ತವೆ.

ಈ ಮಾದರಿ ವೆಸ್ಟ್ ಯೆಲ್ಲೋಸ್ಟೋನಿನಲ್ಲಿ ನೆಲಸಿದ್ದ ಚಾರ್ಲ್ಸ್ ಬ್ರೂಕ್ಸ್ ಅವರದು. ಅವರು ನದಿಯೊಳಗೇ ಮುಳುಗಿ, ಕೃತಕ ಹುಳು ಮೀನಿನ ಎದುರು ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸಿದವರು. ಪ್ರವಾಹ ಅದನ್ನು ತಿರುಗಿಸುತ್ತದೆ. ಬೆನ್ನು ಕಪ್ಪಾಗಿ ಹೊಟ್ಟೆ ಬಿಳಿಚಿಕೊಂಡಿದ್ದರೆ ಒಂದು ಉರುಳಿಗೇ ಕಪಟ ಬಯಲಾಗುತ್ತದೆ. ಆದಕಾರಣ ಯಾವ ಮಗ್ಗುಲಿನಿಂದ ನೋಡಿದರೂ ಒಂದೇ ಬಗೆಯಾಗಿ ಕಾಣುವಂತೆ ಅವರು ಹುಳುವನ್ನು ಕಟ್ಟಿದರು. 1976ರಲ್ಲಿ ಪ್ರಕಟವಾದ ಅವರ ಪುಸ್ತಕ ಈ ಅನುಭವದ ಫಲ. ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಇದು ಒರಟು ಕೆಲಸವೆನಿಸಬಹುದು. ಆದರೆ ಇಲ್ಲಿ ಮೆಚ್ಚಬೇಕಾದವನು ಕೊಳ್ಳುವವನಲ್ಲ, ಮೀನು.

ಆದರೂ ಈ ಕುಶಲತೆಯಲ್ಲಿ ಒಂದು ವೈಪರೀತ್ಯವಿತ್ತು. ಕಲ್ಲುನೊಣ ತಣ್ಣನೆಯ, ಪ್ರಾಣವಾಯು ತುಂಬಿದ ನಿರ್ಮಲ ಜಲದಲ್ಲಿ ಮಾತ್ರ ಬದುಕಬಲ್ಲದು. ನೀರು ಕೆಟ್ಟಾಗ ಮೊದಲು ಕಣ್ಮರೆಯಾಗುವ ಜೀವಿಗಳಲ್ಲಿ ಇದೂ ಒಂದು. ಅದರ ಪ್ರತಿರೂಪದೊಳಗಿದ್ದುದೋ ವಿಷಲೋಹ! ಗಾಳಗಾರರು ಬಿಟ್ಟುಹೋದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಗಾಳದ ಚಿಕ್ಕ ಸೀಸದ ತೂಕಗಳ ಮಾರಾಟವನ್ನು ನಿಷೇಧಿಸಿತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ನೀರಿನಲ್ಲಿಯೂ ಗಾಳದ ಸಲಕರಣೆಗಳಲ್ಲಿ ಸೀಸಕ್ಕೆ ಎಡೆಯಿಲ್ಲ. ಈಗ ಟಂಗ್‌ಸ್ಟನ್ ಮಣಿಗಳು ಬಂದಿವೆ. ಸೀಸ ನೀರಿಗಿಂತ 11 ಪಟ್ಟು ತೂಗಿದರೆ, ಟಂಗ್‌ಸ್ಟನ್ 19 ಪಟ್ಟು ತೂಗುತ್ತದೆ. ಬೆಲೆ ಅಧಿಕವಾದರೂ ಹುಳು ಬೇಗನೆ ಮುಳುಗುತ್ತದೆ.

ಹುಳುವಿನ ಆಕಾರವನ್ನು ಅನುಕರಿಸುವವರು ಅದು ಬಾಳುವ ನೀರನ್ನು ಮರೆಯಲಾಗದು. ಕಲ್ಲುಗಳಡಿಯಲ್ಲಿ ಆ ಜೀವ ಉಳಿದಿದ್ದರೆ ಮಾತ್ರ ಅದರ ಪ್ರತಿರೂಪಕ್ಕೆ ಅರ್ಥವುಂಟು.