ತಿರುಗದೆ ನಿಂತ ಬ್ರಷ್: ಮೋಟಾರು ಸುಟ್ಟಿತೆಂದು ತೀರ್ಮಾನಿಸುವ ಮುನ್ನ

ಮಧುಗಿರಿ: ವ್ಯಾಕ್ಯೂಂ ಕ್ಲೀನರ್ ಸದ್ದು ಮಾಡುತ್ತಲೇ ಇರುತ್ತದೆ. ಆದರೆ ಕೆಳಗಿನ ಬ್ರಷ್ ಮಾತ್ರ ತಿರುಗುವುದಿಲ್ಲ. ಜಮಖಾನದ ಧೂಳು ಇದ್ದಲ್ಲೇ ಉಳಿಯುತ್ತದೆ. ಹಬ್ಬದ ಮುನ್ನಾದಿನ ಹೀಗಾದರೆ ಮನೆಯಲ್ಲಿ ಹೊರಡುವ ಮೊದಲ ಮಾತು, 'ಮೋಟಾರು ಸುಟ್ಟಿರಬೇಕು' ಎಂಬುದು. ವಾಸ್ತವವಾಗಿ, ಯಂತ್ರ ಗಾಳಿ ಎಳೆಯುತ್ತಿದೆ ಎಂದರೆ ಅದರ ಮುಖ್ಯ ಮೋಟಾರು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬ್ರಷ್ ನಿಲ್ಲಲು ಸಾಮಾನ್ಯ ಕಾರಣ ಅದಕ್ಕೆ ಸುತ್ತಿಕೊಂಡ ಕೂದಲು ಮತ್ತು ದಾರ. ಒಂದು ಕತ್ತರಿ, ಅರ್ಧ ಗಂಟೆಯ ಬಿಡುವು ಹಾಗೂ ಸರಿಯಾದ ಕ್ರಮದ ಪರಿಶೀಲನೆ ಇದ್ದರೆ ದೋಷವನ್ನು ಮನೆಯಲ್ಲೇ ಪತ್ತೆಮಾಡಬಹುದು.

ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ನಿವಾಸಿಗಳಿಗೆ ಈ ತಿಳಿವಳಿಕೆ ಹೆಚ್ಚು ಉಪಯುಕ್ತ. ಇದು ಮಳೆ ಕಡಿಮೆ, ಧೂಳು ಹೆಚ್ಚು ಇರುವ ಬಯಲುಸೀಮೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನಲ್ಲಿಯೂ ಫಲಕಗಳ ಮೇಲಿನ ಧೂಳು ತೆಗೆಯುವುದು ನಿರಂತರ ಕೆಲಸ. ಕಂಪನಿಯ ಅಧಿಕೃತ ಸೇವಾ ಕೇಂದ್ರ ಊರಿನಲ್ಲಿ ಇಲ್ಲದಿದ್ದರೆ ಯಂತ್ರವನ್ನು ತುಮಕೂರಿಗೋ ಬೆಂಗಳೂರಿಗೋ ಹೊತ್ತೊಯ್ಯಬೇಕು. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೇ ಸುಮಾರು 100 ಕಿ.ಮೀ. ದೂರವಿದೆ. ಒಂದು ಹಿಡಿ ಕೂದಲು ತೆಗೆಸಲು ಇಡೀ ದಿನ ಕಳೆಯುವುದು ಯಾರಿಗೂ ಲಾಭವಲ್ಲ.

ಬ್ರಷ್ ಏಕೆ ತಿರುಗಬೇಕು?

ಗಾಳಿಯ ಸೆಳೆತವೊಂದರಿಂದಲೇ ಜಮಖಾನದ ಎಳೆಗಳ ನಡುವೆ ಕುಳಿತ ಧೂಳು ಮೇಲೇಳುವುದಿಲ್ಲ. ಅದನ್ನು ಬಡಿದು ಎಬ್ಬಿಸಬೇಕು. ಅಮೆರಿಕದ ಓಹಿಯೋ ರಾಜ್ಯದ ಕ್ಯಾಂಟನ್ ನಗರದ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಆಸ್ತಮಾ ರೋಗಿಯಾಗಿದ್ದರು. ಧೂಳಿನಿಂದ ಪಾರಾಗಲು ಅವರು ಫ್ಯಾನಿನ ಮೋಟಾರು, ದಿಂಬಿನ ಚೀಲ ಮತ್ತು ತಿರುಗುವ ಬ್ರಷ್ ಜೋಡಿಸಿ ಯಂತ್ರವೊಂದನ್ನು ರೂಪಿಸಿದರು. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅದೇ ಹಕ್ಕನ್ನು ಪಡೆದು ಹೂವರ್ ಕಂಪನಿ ಬೆಳೆಯಿತು. ಇಂದಿನ ಯಂತ್ರಗಳ ಬ್ರಷ್ ಕೂಡ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಮೊದಲು ಯಂತ್ರದ ಬಗೆ ತಿಳಿಯಿರಿ

ಬ್ರಷ್ ತಿರುಗಿಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿತರೆ ದೋಷ ಹುಡುಕುವುದು ಸುಲಭ. ಇದರಲ್ಲಿ ಮೂರು ಬಗೆಗಳಿವೆ.

ಒಂದು, ಗಾಳಿಯಿಂದ ತಿರುಗುವ ಬ್ರಷ್. ಉದ್ದ ಪೈಪಿನ ಯಂತ್ರಗಳಿಗೆ ಜೋಡಿಸುವ 'ಟರ್ಬೊ ಬ್ರಷ್' ಈ ಬಗೆಯದು. ಒಳನುಗ್ಗುವ ಗಾಳಿಯೇ ಪುಟ್ಟ ಚಕ್ರವನ್ನು ತಿರುಗಿಸುತ್ತದೆ.

ಎರಡು, ಬೆಲ್ಟಿನಿಂದ ತಿರುಗುವ ಬ್ರಷ್. ನಿಲುವು ಯಂತ್ರಗಳಲ್ಲಿ ಮೋಟಾರಿನಿಂದ ಬ್ರಷ್‌ಗೆ ರಬ್ಬರ್ ಬೆಲ್ಟ್ ಹಾದಿರುತ್ತದೆ.

ಮೂರು, ಬ್ರಷ್‌ಗೆಂದೇ ಪ್ರತ್ಯೇಕ ಪುಟ್ಟ ಮೋಟಾರು ಇರುವ ಬಗೆ. ಬ್ಯಾಟರಿಯಿಂದ ನಡೆಯುವ ಕೋಲಿನಾಕಾರದ ಯಂತ್ರಗಳಲ್ಲೂ ತಾನೇ ಓಡಾಡುವ ರೋಬೊ ಯಂತ್ರಗಳಲ್ಲೂ ಸಾಮಾನ್ಯವಾಗಿ ಇದನ್ನು ಕಾಣಬಹುದು.

ಮನೆಗಳಲ್ಲಿ ಬಳಕೆಯಲ್ಲಿರುವ ಅನೇಕ ಹಳೆಯ ಯಂತ್ರಗಳ ಬ್ರಷ್ ತಿರುಗುವುದೇ ಇಲ್ಲ. ಅದು ಕೇವಲ ಉಜ್ಜುವ ಪಟ್ಟಿ. ಮತ್ತೆ ಕೆಲವು ಯಂತ್ರಗಳಲ್ಲಿ ಗ್ರಾನೈಟ್, ಟೈಲ್ಸ್ ನೆಲಕ್ಕಾಗಿ ಬ್ರಷ್ ನಿಲ್ಲಿಸುವ ಗುಂಡಿ ಇರುತ್ತದೆ. ಅದು ಅರಿವಿಲ್ಲದೆ ಒತ್ತಿಹೋಗಿದ್ದರೆ ಅದನ್ನು ದೋಷವೆಂದು ಭಾವಿಸಬಾರದು.

ಪರಿಶೀಲನೆಯ ಕ್ರಮ

ಪ್ಲಗ್ ಕಿತ್ತ ನಂತರವೇ, ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆದ ನಂತರವೇ ಬ್ರಷ್ ಮುಟ್ಟಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಬ್ಯಾಟರಿ ತೆಗೆಯಲು ಬಾರದಂತಿದ್ದರೆ ಯಂತ್ರವನ್ನು ಆರಿಸಿ, ಬ್ರಷ್ ಭಾಗವನ್ನು ಅದರಿಂದ ಬೇರ್ಪಡಿಸಬೇಕು. ಸಿಕ್ಕಿಕೊಂಡಿದ್ದ ದಾರ ಬಿಟ್ಟೊಡನೆ ಬ್ರಷ್ ಏಕಾಏಕಿ ತಿರುಗಿ ಬೆರಳಿಗೆ ಗಾಯವಾಗುವ ಅಪಾಯವಿದೆ.

ಬ್ರಷ್ ಭಾಗವನ್ನು ಬೋರಲು ಹಾಕಿ ಕೈಯಿಂದ ತಿರುಗಿಸಿ ನೋಡುವುದು ಮೊದಲ ಹೆಜ್ಜೆ. ಬಿಗಿಯಾಗಿದ್ದರೆ ಏನೋ ಸುತ್ತಿಕೊಂಡಿದೆ. ನಮ್ಮ ಮನೆಗಳಲ್ಲಿ ಉದ್ದ ಕೂದಲಿನ ಜೊತೆಗೆ ಹೂ ಕಟ್ಟಿದ ದಾರ, ಬಾಳೆನಾರು, ಕಂಬಳಿಯ ಎಳೆ, ಜಮಖಾನದ ಕುಚ್ಚು ಇವೆಲ್ಲ ಬ್ರಷ್‌ಗೆ ಸುತ್ತಿಕೊಳ್ಳುತ್ತವೆ. ಬ್ರಷ್‌ನ ಉದ್ದಕ್ಕೂ ಕತ್ತರಿಯ ತುದಿ ಹಾಯಿಸಿ ಅವನ್ನು ತುಂಡರಿಸಿ ಎಳೆದು ತೆಗೆಯಬೇಕು. ಬ್ರಷ್‌ನ ಕೂದಲು ಕತ್ತರಿಸದಂತೆ ಎಚ್ಚರವಿರಲಿ. ಹಲವರು ನಡುಭಾಗ ಶುಚಿ ಮಾಡಿ ಎರಡು ತುದಿಗಳನ್ನು ಮರೆಯುತ್ತಾರೆ. ಬ್ರಷ್ ತಿರುಗಲು ಆಧಾರವಾದ ಬೇರಿಂಗ್ ಇರುವುದು ಅಲ್ಲಿಯೇ. ಬ್ರಷ್ ಬಿಚ್ಚಲು ಬರುವಂತಿದ್ದರೆ ಹೊರತೆಗೆದು, ತುದಿಯ ಮುಚ್ಚಳದ ಒಳಗೆ ಸೇರಿದ ಕೂದಲನ್ನೂ ಚಿಮಟದಿಂದ ತೆಗೆಯಬೇಕು. ಅಲ್ಲಿಗೆ ಎಣ್ಣೆ ಬಿಡುವುದು ಸರಿಯಲ್ಲ; ಎಣ್ಣೆಗೆ ಧೂಳು ಅಂಟಿ ಮತ್ತೆ ಬಿಗಿಯುತ್ತದೆ.

ಕೈಯಿಂದ ಸರಾಗವಾಗಿ ತಿರುಗುವ ಬ್ರಷ್ ಯಂತ್ರ ಚಾಲೂ ಮಾಡಿದಾಗ ತಿರುಗದಿದ್ದರೆ ಮುಂದಿನ ಪರಿಶೀಲನೆ ಯಂತ್ರದ ಬಗೆಯನ್ನು ಅವಲಂಬಿಸುತ್ತದೆ.

ಟರ್ಬೊ ಬ್ರಷ್ ಆದರೆ ಅದನ್ನು ಕಳಚಿ, ಚಾಲೂ ಮಾಡಿದ ಯಂತ್ರದ ಪೈಪಿನ ಬಾಯಿಗೆ ಅಂಗೈ ಹಿಡಿಯಬೇಕು. ಸೆಳೆತ ಕ್ಷೀಣವಾಗಿದ್ದರೆ ತೊಂದರೆ ಬ್ರಷ್‌ನಲ್ಲಿಲ್ಲ. ಧೂಳಿನ ಚೀಲ ತುಂಬಿರಬಹುದು, ಫಿಲ್ಟರ್ ಮುಚ್ಚಿರಬಹುದು, ಇಲ್ಲವೇ ಪೈಪಿನಲ್ಲಿ ಕಾಗದವೋ ಬಟ್ಟೆಯ ಚೂರೋ ಸಿಕ್ಕಿರಬಹುದು. ಸೆಳೆತ ಜೋರಾಗಿದ್ದರೆ ಬ್ರಷ್ ಒಳಗಿನ ಚಕ್ರಕ್ಕೆ ಕಸ ಅಡ್ಡವಾಗಿದೆ ಎಂದು ತಿಳಿಯಬೇಕು.

ಬೆಲ್ಟ್ ಯಂತ್ರವಾದರೆ ಕೆಳಮುಚ್ಚಳ ಬಿಚ್ಚಿ ಬೆಲ್ಟ್ ನೋಡಬೇಕು. ತುಂಡಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಸಡಿಲವಾಗಿದ್ದರೆ ಅಥವಾ ನುಣುಪಾಗಿ ಹೊಳೆಯುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಸುಟ್ಟ ರಬ್ಬರಿನ ವಾಸನೆ ಇದರ ಮುನ್ಸೂಚನೆ. ಹೊಸ ಬೆಲ್ಟನ್ನು ಯಂತ್ರದ ಮಾದರಿ ಸಂಖ್ಯೆ ಹೇಳಿಯೇ ಕೊಳ್ಳಬೇಕು. ಅಂದಾಜಿನ ಅಳತೆಯದು ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಜಾರುತ್ತದೆ.

ಪ್ರತ್ಯೇಕ ಮೋಟಾರಿನ ಬಗೆಯಲ್ಲಿ ಭಾರ ಹೆಚ್ಚಾದಾಗ ಬ್ರಷ್ ತಾನಾಗಿ ನಿಲ್ಲುವ ರಕ್ಷಣಾ ವ್ಯವಸ್ಥೆ ಇರುವುದುಂಟು. ಅಡಚಣೆ ತೆಗೆದು, ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಮತ್ತೆ ಚಾಲೂ ಮಾಡಿದರೆ ಸರಿಹೋಗಬಹುದು. ಕೋಲಿನಾಕಾರದ ಯಂತ್ರದಲ್ಲಿ ನಡುವಿನ ಕೊಳವೆ ಬಿಟ್ಟು ಬ್ರಷ್ ಭಾಗವನ್ನು ನೇರವಾಗಿ ಯಂತ್ರಕ್ಕೆ ಜೋಡಿಸಿ ನೋಡಬೇಕು. ಆಗ ತಿರುಗಿದರೆ ಕೊಳವೆಯ ತುದಿಯಲ್ಲಿ ವಿದ್ಯುತ್ ಹರಿಯುವ ಲೋಹದ ಮೊನೆಗಳಿಗೆ ಧೂಳು ಕವಿದಿದೆ ಅಥವಾ ಕೊಳವೆಯ ಒಳತಂತಿ ಕೆಟ್ಟಿದೆ. ಮೊನೆಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು, ನೀರು ತಾಗಿಸಬಾರದು.

ಎಲ್ಲಿ ನಿಲ್ಲಿಸಬೇಕು?

ಕಿಡಿ ಕಂಡರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಯಂತ್ರ ಮುಟ್ಟಿದಾಗ ಶಾಕ್ ಹೊಡೆದರೆ ಮನೆಯ ಪರಿಶೀಲನೆ ಅಲ್ಲಿಗೇ ನಿಲ್ಲಬೇಕು. ಮುಂದಿನದು ಬಲ್ಲವರ ಕೆಲಸ. ಮೋಟಾರು ಅಡಗಿರುವ ಬ್ರಷ್ ಭಾಗವನ್ನು ನೀರಿನಲ್ಲಿ ಅದ್ದಲೇಬಾರದು. ತೊಳೆಯಬಹುದೆಂದು ಕಂಪನಿಯೇ ಹೇಳಿರುವ ರೋಲರ್ ಮತ್ತು ಫಿಲ್ಟರ್‌ಗಳನ್ನೂ ಪೂರ್ತಿ ಒಣಗಿದ ಮೇಲಷ್ಟೇ ಜೋಡಿಸಬೇಕು.

ವಾರಂಟಿ ಇರುವ ಯಂತ್ರದ ಮೋಟಾರು ಭಾಗದ ತಿರುಪು ಬಿಚ್ಚಿದರೆ ವಾರಂಟಿ ರದ್ದಾಗುವ ಸಂಭವವಿದೆ. ಬಿಲ್ಲು ಜೋಪಾನವಾಗಿರಲಿ. ವಾರಂಟಿ ಅವಧಿಯಲ್ಲೂ ಸೇವೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಯಂತ್ರ ಕೊಂಡದ್ದು ಬೆಂಗಳೂರಿನಲ್ಲಾದರೂ ಶಿರಾದ ಗ್ರಾಹಕರು ತುಮಕೂರಿನಲ್ಲೇ ನ್ಯಾಯ ಕೇಳಬಹುದು. ದುರಸ್ತಿಗೆ ನಿಲುಕದ ಯಂತ್ರವನ್ನು ತಿಪ್ಪೆಗೆ ಎಸೆಯುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವ್ಯಾಕ್ಯೂಂ ಕ್ಲೀನರ್ ಕೂಡ ಸೇರಿದೆ.

ಮತ್ತೆ ಕೆಡದಂತೆ

ದಿನವೂ ಬಳಸುವವರು ವಾರಕ್ಕೊಮ್ಮೆ ಬ್ರಷ್ ತಿರುವಿ ನೋಡಿ ಕೂದಲು ತೆಗೆಯುವುದು ಒಳ್ಳೆಯದು. ರಂಗೋಲಿ ಪುಡಿ, ಸಿಮೆಂಟ್ ಧೂಳು, ಊದುಬತ್ತಿಯ ಬೂದಿ ಇವುಗಳನ್ನು ಸಾಧಾರಣ ಯಂತ್ರದಿಂದ ಎಳೆಯಬಾರದು. ಆ ನುಣುಪು ಪುಡಿ ಫಿಲ್ಟರ್ ಮುಚ್ಚುತ್ತದೆ. ಬೂದಿಯಲ್ಲಿ ಕೆಂಡ ಉಳಿದಿದ್ದರೆ ಧೂಳಿನ ಚೀಲಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು. ಹೂವಿನ ದಾರ, ತೆಂಗಿನ ನಾರನ್ನು ಮೊದಲು ಪೊರಕೆಯಿಂದ ಗುಡಿಸಿ, ಉಳಿದ ಧೂಳನ್ನು ಯಂತ್ರಕ್ಕೆ ಬಿಡುವುದೇ ಜಾಣತನ. ಪೊರಕೆ ಮಾಡಬೇಕಾದ ಕೆಲಸವನ್ನು ಪೊರಕೆಗೆ ಬಿಟ್ಟ ಮನೆಯಲ್ಲಿ ಬ್ರಷ್ ಹೆಚ್ಚು ಕಾಲ ತಿರುಗುತ್ತದೆ.