ಒಂದೇ ಮಂಗಳವಾರದ ಕಥೆಯಲ್ಲ: ಆರ್ಥಿಕ ಮಹಾಕುಸಿತ, ಯುದ್ಧ ಮತ್ತು ಅಮೆರಿಕ

1929ರ ಅಕ್ಟೋಬರ್ 29ರ ಮಂಗಳವಾರ ನ್ಯೂಯಾರ್ಕಿನ ಷೇರು ಪೇಟೆ ನೆಲಕಚ್ಚಿತು, ಅಮೆರಿಕ ಬೀದಿಗೆ ಬಿತ್ತು. ಅಧ್ಯಕ್ಷ ಹೂವರ್ ಕೈಕಟ್ಟಿ ಕೂತರು, ಹೊಸ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಕಾಪಾಡಿದರು, ಉಳಿದದ್ದನ್ನು ಎರಡನೇ ಮಹಾಯುದ್ಧ ಸರಿಮಾಡಿತು. ಹದಿನಾರು ವರ್ಷಗಳ ಇತಿಹಾಸ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿದುಹೋಗುತ್ತದೆ. ಇದರಲ್ಲಿ ಶುದ್ಧ ಸುಳ್ಳು ಎನ್ನುವಂಥದ್ದು ಕಡಿಮೆ. ಆದರೆ ನಿಜವಾಗಿ ಏಟು ಕೊಟ್ಟ ಬ್ಯಾಂಕುಗಳು ಮತ್ತು ಚಿನ್ನ ಈ ಕಥೆಯಲ್ಲಿ ಎಲ್ಲೂ ಕಾಣುವುದಿಲ್ಲ.

ನಂಬಿಕೆ: ಷೇರು ಪೇಟೆ ಬಿದ್ದದ್ದೇ ಮಹಾಕುಸಿತಕ್ಕೆ ಕಾರಣ

ಷೇರು ಹೊಂದಿದ್ದ ಅಮೆರಿಕನ್ನರು ಆಗ ಅಲ್ಪಸಂಖ್ಯಾತರು. ಅಲ್ಲದೆ 1929ರ ನವೆಂಬರಿನಲ್ಲಿ 200ರ ಕೆಳಗೆ ಇಳಿದಿದ್ದ ಡೌ ಜೋನ್ಸ್ ಸೂಚ್ಯಂಕ 1930ರ ಏಪ್ರಿಲ್ ಹೊತ್ತಿಗೆ 290 ದಾಟಿತ್ತು. ಕೆಟ್ಟ ಕಾಲ ಕಳೆಯಿತೆಂದು ಆಗ ಹಲವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಸೂಚ್ಯಂಕ 1932ರ ಜುಲೈನಲ್ಲಿ 41ಕ್ಕೆ ಇಳಿಯಿತು. ನಡುವೆ ನಡೆದದ್ದು ಬ್ಯಾಂಕುಗಳ ಸರಣಿ ಸಾವು.

ಅಮೆರಿಕದಲ್ಲಿ ಒಂದೇ ಶಾಖೆಯ, ಒಂದೇ ಊರನ್ನು ನೆಚ್ಚಿಕೊಂಡ ಸಣ್ಣ ಬ್ಯಾಂಕುಗಳು ಸಾವಿರಾರು ಇದ್ದವು. ಊರಿನ ಬೆಳೆಗೆ ಬೆಲೆ ಬಿದ್ದರೆ ಸಾಲ ಮರಳುತ್ತಿರಲಿಲ್ಲ. ಠೇವಣಿಗೆ ವಿಮೆ ಇರಲಿಲ್ಲವಾದ್ದರಿಂದ ಗಾಳಿಮಾತು ಹಬ್ಬಿದರೂ ಸಾಕು, ಜನ ಬಾಗಿಲ ಮುಂದೆ ಸಾಲುಗಟ್ಟುತ್ತಿದ್ದರು. ಗಟ್ಟಿಯಾಗಿದ್ದ ಬ್ಯಾಂಕೂ ಸಂಜೆಯೊಳಗೆ ಮುಳುಗುತ್ತಿತ್ತು. 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಉಳಿದವು ಸಾಲ ಕೊಡುವುದನ್ನು ನಿಲ್ಲಿಸಿ ನಗದನ್ನು ಗಂಟು ಕಟ್ಟಿಕೊಂಡವು. ದೇಶದಲ್ಲಿ ಚಲಾವಣೆಯಲ್ಲಿದ್ದ ಹಣ ಮತ್ತು ಠೇವಣಿಗಳ ಒಟ್ಟು ಮೊತ್ತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕರಗಿತು.

ಹಣ ಕರಗಿದಂತೆ ಬೆಲೆಗಳೂ ಕುಸಿದವು. ಬೆಲೆ ಇಳಿದರೆ ಕೊಳ್ಳುವವರಿಗೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ಸಾಲಗಾರನಿಗೆ ಹಾಗಲ್ಲ. 1929ರಲ್ಲಿ ಒಂದು ಬುಶೆಲ್ ಗೋಧಿಗೆ ರೈತನಿಗೆ ಸುಮಾರು ಒಂದು ಡಾಲರ್ ಸಿಗುತ್ತಿತ್ತು. 1932ರಲ್ಲಿ 40 ಸೆಂಟೂ ಸಿಗಲಿಲ್ಲ. ಸಾವಿರ ಬುಶೆಲ್ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಈಗ 2,500 ಬುಶೆಲ್ ಸಾಲದಾಯಿತು. ಹೊಲ ಹರಾಜಿಗೆ ಬಂತು, ಸಾಲ ಕೊಟ್ಟ ಬ್ಯಾಂಕೂ ಮುಳುಗಿತು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹಣ ಸುರಿದು ಇದನ್ನು ತಡೆಯಬಹುದಿತ್ತು. ಬದಲಿಗೆ 1931ರ ಅಕ್ಟೋಬರಿನಲ್ಲಿ, ನಾಣ್ಯವನ್ನು ಚಿನ್ನಕ್ಕೆ ಕಟ್ಟುವ ಚಿನ್ನದ ಮಾನಕವನ್ನು ಬ್ರಿಟನ್ ಕೈಬಿಟ್ಟ ಮರುತಿಂಗಳೇ, ತನ್ನ ಚಿನ್ನ ಹೊರಗೆ ಹರಿಯದಿರಲೆಂದು ಬಡ್ಡಿ ದರವನ್ನು ಏರಿಸಿತು. ಜ್ವರದಲ್ಲಿ ಬಳಲುವವನಿಗೆ ಉಪವಾಸ ಹಾಕಿಸಿದಂತಾಯಿತು.

ವಾಲ್ ಸ್ಟ್ರೀಟಿನ ಕಟ್ಟಡಗಳಿಂದ ದಲ್ಲಾಳಿಗಳು ಸಾಲುಸಾಲಾಗಿ ಹಾರಿ ಸತ್ತರೆಂಬ ಮಾತೂ ಜೊತೆಗೆ ಬರುತ್ತದೆ. ಅರ್ಥಶಾಸ್ತ್ರಜ್ಞ ಗಾಲ್‌ಬ್ರೇತ್ ಅಂಕಿಅಂಶ ತೆಗೆದು ನೋಡಿದಾಗ, 1929ರ ಬೇಸಿಗೆಗಿಂತ ಅಕ್ಟೋಬರ್, ನವೆಂಬರುಗಳಲ್ಲೇ ನ್ಯೂಯಾರ್ಕಿನ ಆತ್ಮಹತ್ಯೆಗಳು ಕಡಿಮೆಯಿದ್ದವು. ದೇಶದ ಆತ್ಮಹತ್ಯೆ ಪ್ರಮಾಣ ಉತ್ತುಂಗ ಮುಟ್ಟಿದ್ದು ನಿರುದ್ಯೋಗ ಬಲಿತ ಮೇಲೆ, 1932ರ ಸುಮಾರಿಗೆ.

ನಂಬಿಕೆ: ಹೂವರ್ ಏನನ್ನೂ ಮಾಡಲಿಲ್ಲ

ಮೊದಲ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಂಗೆ ಅನ್ನ ಮುಟ್ಟಿಸಿ ಹೆಸರಾಗಿದ್ದ ಎಂಜಿನಿಯರ್ ಹರ್ಬರ್ಟ್ ಹೂವರ್ ಸುಮ್ಮನೆ ಕೂರುವವರಲ್ಲ. ಕೂಲಿ ಕಡಿಮೆ ಮಾಡಬೇಡಿ ಎಂದು ಉದ್ಯಮಿಗಳನ್ನು ಕರೆಸಿ ಕೇಳಿಕೊಂಡರು, ಲೋಕೋಪಯೋಗಿ ಕಾಮಗಾರಿಗಳನ್ನು ಹೆಚ್ಚಿಸಿದರು, 1932ರಲ್ಲಿ ಬ್ಯಾಂಕುಗಳಿಗೂ ರೈಲ್ವೆಗಳಿಗೂ ಸಾಲ ಕೊಡುವ ಸರ್ಕಾರಿ ಸಂಸ್ಥೆಯನ್ನೇ ಸ್ಥಾಪಿಸಿದರು. ಆದರೆ ಮಾಡಿದ್ದರಲ್ಲಿ ಕೆಲವು ಗಾಯಕ್ಕೆ ಉಪ್ಪಾದವು. 1930ರ ಸ್ಮೂಟ್-ಹಾಲೇ ಸುಂಕ ಕಾಯ್ದೆಗೆ ಸಹಿ ಹಾಕಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡಿಕೊಂಡರೂ ಹಾಕಿದರು. ಬೇರೆ ದೇಶಗಳು ಸುಂಕಕ್ಕೆ ಸುಂಕದಲ್ಲೇ ಉತ್ತರ ಕೊಟ್ಟವು. ಜನರ ಕೈಯಲ್ಲಿ ಕಾಸಿಲ್ಲದ 1932ರಲ್ಲಿ ಆಯವ್ಯಯ ಸರಿದೂಗಿಸಲೆಂದು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 25ರಿಂದ ಶೇ 63ಕ್ಕೆ ಒಯ್ದರು.

ನಂಬಿಕೆ: ಕುಸಿತವನ್ನು ಮುಗಿಸಿದ್ದು ನ್ಯೂ ಡೀಲ್, ಅಲ್ಲ, ಮುಗಿಸಿದ್ದು ಯುದ್ಧ

ಎರಡು ಪಕ್ಷಗಳೂ ಅರ್ಧ ಸತ್ಯವನ್ನೇ ಹಿಡಿದು ಜಗ್ಗುತ್ತವೆ. 1933ರಲ್ಲಿ ನಿರುದ್ಯೋಗ ಸುಮಾರು ಶೇ 25 ಇತ್ತು. 1937ರಲ್ಲಿ ಶೇ 14ರ ಆಸುಪಾಸು. ರೂಸ್‌ವೆಲ್ಟರ ಪರಿಹಾರ ಕಾರ್ಯಕ್ರಮಗಳ ಸರಣಿಯಾದ ನ್ಯೂ ಡೀಲ್ ಸೋತಿತೆನ್ನುವವರು ಈ 14ನ್ನೇ ತೋರಿಸುತ್ತಾರೆ. ಆದರೆ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ರಸ್ತೆ, ಶಾಲೆ, ಸೇತುವೆ ಕಟ್ಟುತ್ತಿದ್ದ ಲಕ್ಷಾಂತರ ಜನರನ್ನೂ ಈ ಲೆಕ್ಕ ನಿರುದ್ಯೋಗಿಗಳೆಂದೇ ಎಣಿಸುತ್ತದೆ. ಅವರನ್ನು ದುಡಿಯುವವರೆಂದು ಎಣಿಸಿದರೆ ಸಂಖ್ಯೆ ಶೇ 10ಕ್ಕಿಂತ ಕೆಳಗಿಳಿಯುತ್ತದೆ.

ಚೇತರಿಕೆಗೆ ದೊಡ್ಡ ತಳ್ಳು ಕೊಟ್ಟದ್ದು ಮಾತ್ರ ಈ ಕಾಮಗಾರಿಗಳಲ್ಲ. ಸರ್ಕಾರದ ಖೋತಾ ಕುಸಿತದ ಆಳಕ್ಕೆ ಹೋಲಿಸಿದರೆ ಚಿಕ್ಕದು. ತಳ್ಳು ಬಂದದ್ದು ಬ್ಯಾಂಕು ಮತ್ತು ಚಿನ್ನದ ಕಡೆಯಿಂದ. 1933ರ ಮಾರ್ಚಿನಲ್ಲಿ ರೂಸ್‌ವೆಲ್ಟ್ ಎಲ್ಲ ಬ್ಯಾಂಕುಗಳಿಗೂ ರಜೆ ಕೊಟ್ಟು, ಗಟ್ಟಿಯಾದವನ್ನು ಮಾತ್ರ ತೆರೆಸಿದರು. ಅದೇ ವರ್ಷ ಠೇವಣಿ ವಿಮೆಯ ಕಾಯ್ದೆ ಬಂತು, ಡಾಲರಿಗೂ ಚಿನ್ನಕ್ಕೂ ಇದ್ದ ಹಳೆಯ ಗಂಟು ಬಿಚ್ಚಿತು. 1934ರಲ್ಲಿ ಚಿನ್ನದ ಬೆಲೆ ಔನ್ಸಿಗೆ 20.67ರಿಂದ 35 ಡಾಲರಿಗೆ ಏರಿತು. ಯುರೋಪಿನ ಅಶಾಂತಿಗೆ ಹೆದರಿದ ಚಿನ್ನ ಅಮೆರಿಕಕ್ಕೆ ಹರಿದುಬಂತು, ಅದರ ಬೆನ್ನಿಗೆ ಹಣದ ಪ್ರಮಾಣವೂ ಬೆಳೆಯಿತು. 1937ರಲ್ಲಿ ಖರ್ಚು ಕಡಿತ, ಹೊಸ ತೆರಿಗೆ, ಬ್ಯಾಂಕುಗಳು ಕಡ್ಡಾಯವಾಗಿ ಇಡಬೇಕಾದ ಮೀಸಲು ನಿಧಿಯ ಹೆಚ್ಚಳ ಒಟ್ಟಿಗೆ ಬಂದಾಗ ಆರ್ಥಿಕತೆ ಮತ್ತೆ ಮುಗ್ಗರಿಸಿತು, ನಿರುದ್ಯೋಗ ಶೇ 19ಕ್ಕೆ ಜಿಗಿಯಿತು. ಔಷಧ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದುಬಾರಿ ಸಾಕ್ಷ್ಯ ಬೇಕಿರಲಿಲ್ಲ.

ನ್ಯೂ ಡೀಲ್ ಎಲ್ಲರಿಗೂ ಸಮನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ವೃದ್ಧಾಪ್ಯ ಪಿಂಚಣಿ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ಕಾರ್ಮಿಕರಲ್ಲಿ ಬಹುಪಾಲು ಈ ಎರಡು ಕೆಲಸಗಳಲ್ಲೇ ಇದ್ದರು.

ಯುದ್ಧ ಬಂದ ಮೇಲೆ ನಿರುದ್ಯೋಗ ಬಹುತೇಕ ಮಾಯವಾಯಿತು. 1944ರಲ್ಲಿ ಅದು ಶೇ 1.2. ಇದನ್ನು ಸಮೃದ್ಧಿ ಎನ್ನುವುದು ಕಷ್ಟ. 1.2 ಕೋಟಿ ಜನ ಸಮವಸ್ತ್ರ ತೊಟ್ಟಿದ್ದರು. 1942ರ ಫೆಬ್ರವರಿಯ ನಂತರ ಜನಸಾಮಾನ್ಯರಿಗಾಗಿ ಹೊಸ ಕಾರು ತಯಾರಾಗಲಿಲ್ಲ, ಸಕ್ಕರೆ, ಮಾಂಸ, ಪೆಟ್ರೋಲು ಪಡಿತರಕ್ಕೆ ಬಂದವು. ಕೂಲಿ ಕೈಗೆ ಬಂದರೂ ಕೊಳ್ಳಲು ಸರಕಿಲ್ಲದೆ ಯುದ್ಧ ಬಾಂಡುಗಳಲ್ಲಿ ಕೂತಿತು. ಆ ಉಳಿತಾಯ ಮನೆ, ಕಾರು, ಫ್ರಿಜ್ ಆದದ್ದು 1945ರ ನಂತರ. ಈ ಯುದ್ಧಯಂತ್ರದ ಒಂದು ಚಕ್ರ ಬೆಂಗಳೂರಿನಲ್ಲೂ ತಿರುಗುತ್ತಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಬಂದು, ವಿಮಾನಗಳ ದುರಸ್ತಿಗೆ ಮುಡಿಪಾಯಿತು.

ತೋಳು ಮಡಚಿ ನಿಂತ, ಕೆಂಪು ವಸ್ತ್ರ ತಲೆಗೆ ಕಟ್ಟಿದ ಹೆಣ್ಣಿನ ಭಿತ್ತಿಚಿತ್ರ ಕಂಡು ಲಕ್ಷಾಂತರ ಗೃಹಿಣಿಯರು ಕಾರ್ಖಾನೆಗೆ ಹೊರಟರೆಂಬ ನಂಬಿಕೆಯೂ ಇದೆ. ಆ ಚಿತ್ರವನ್ನು 1943ರ ಫೆಬ್ರವರಿಯಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಕಾರ್ಖಾನೆಗಳೊಳಗೆ ಎರಡು ವಾರ ತೂಗುಹಾಕಿತ್ತು, ಅಷ್ಟೇ. ಅದು ಲೋಕಪ್ರಸಿದ್ಧವಾದದ್ದು 1980ರ ದಶಕದಲ್ಲಿ. ಇನ್ನು ಯುದ್ಧಕಾಲದಲ್ಲಿ ದುಡಿದ ಹೆಂಗಸರಲ್ಲಿ ಬಹಳ ಮಂದಿ ಮೊದಲೇ ಕೂಲಿಗೆ ಹೋಗುತ್ತಿದ್ದವರು. ಕಡಿಮೆ ಸಂಬಳದ ಕೆಲಸ ಬಿಟ್ಟು ಹೆಚ್ಚು ಸಂಬಳದ ಕಡೆಗೆ ನಡೆದರು. ಕಪ್ಪು ಕಾರ್ಮಿಕರಿಗೆ ಯುದ್ಧ ಕಾರ್ಖಾನೆಗಳ ಬಾಗಿಲು ತಾನಾಗಿ ತೆರೆಯಲಿಲ್ಲ. ವಾಷಿಂಗ್ಟನ್ನಿಗೆ ಜಾಥಾ ತರುತ್ತೇವೆಂದು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಗುಡುಗಿದ ಮೇಲೆ, 1941ರ ಜೂನಿನಲ್ಲಿ ರೂಸ್‌ವೆಲ್ಟ್ ತಾರತಮ್ಯ ನಿಷೇಧದ ಆದೇಶ ಹೊರಡಿಸಿದರು.

ನಂಬಿಕೆ: ಹಣದುಬ್ಬರ ಹಿಟ್ಲರನನ್ನು ತಂದಿತು

ಕೈಗಾಡಿ ತುಂಬ ನೋಟು ಹೊತ್ತು ಬ್ರೆಡ್ಡು ತರುವ ಜರ್ಮನರ ಚಿತ್ರ 1923ರದು. ಅದಾಗಿ ಐದು ವರ್ಷಕ್ಕೆ, 1928ರ ಚುನಾವಣೆಯಲ್ಲಿ, ನಾಜಿ ಪಕ್ಷಕ್ಕೆ ಸಿಕ್ಕ ಮತ ಶೇ 2.6. ಆಗಿನ ಜರ್ಮನಿಯ ನೆಮ್ಮದಿ ಅಮೆರಿಕದ ಸಾಲದ ಮೇಲೆ ನಿಂತಿತ್ತು. ಅಮೆರಿಕದಲ್ಲಿ ಹಣ ಬತ್ತಿದಾಗ ಸಾಲವೂ ಬತ್ತಿತು. 1931ರಲ್ಲಿ ವಿಯೆನ್ನಾದ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕು ಕುಸಿದು, ಜರ್ಮನ್ ಬ್ಯಾಂಕುಗಳೂ ಬಾಗಿಲು ಹಾಕಿದವು. ಚಾನ್ಸಲರ್ ಬ್ರೂನಿಂಗ್ ಸಂಬಳ ಕಡಿದು ತೆರಿಗೆ ಏರಿಸಿದರು, ನಿರುದ್ಯೋಗಿಗಳು 60 ಲಕ್ಷ ಮುಟ್ಟಿದರು. 1930ರಲ್ಲಿ ನಾಜಿಗಳ ಮತ ಶೇ 18.3, 1932ರ ಜುಲೈನಲ್ಲಿ ಶೇ 37.3. ಹಿಟ್ಲರನಿಗೆ ದಾರಿ ಮಾಡಿಕೊಟ್ಟದ್ದು ಏರುವ ಬೆಲೆಯಲ್ಲ, ಬೀಳುವ ಬೆಲೆ.

ಯುದ್ಧಾನಂತರದ ಯುರೋಪನ್ನು ಅಮೆರಿಕದ ನೆರವಿನ ಮಾರ್ಷಲ್ ಯೋಜನೆಯೊಂದೇ ಎತ್ತಿ ನಿಲ್ಲಿಸಿತು ಎಂಬುದೂ ಹಿಗ್ಗಿದ ಮಾತು. 1948ರಿಂದ ನಾಲ್ಕು ವರ್ಷ ಕೊಟ್ಟ ಸುಮಾರು 1,300 ಕೋಟಿ ಡಾಲರ್ ನೆರವು, ಪಡೆದ ದೇಶಗಳ ಒಟ್ಟು ಆದಾಯದಲ್ಲಿ ಸಣ್ಣ ಪಾಲು. ಅತಿ ಹೆಚ್ಚು ಪಡೆದದ್ದೂ ಸೋತ ಜರ್ಮನಿಯಲ್ಲ, ಗೆದ್ದ ಬ್ರಿಟನ್. ಅದಕ್ಕಿಂತ ಆಳವಾಗಿ ಜಗತ್ತನ್ನು ಬದಲಿಸಿದ್ದು 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಸೇರಿದ 44 ದೇಶಗಳ ಸಭೆ. ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಸಿ.ಡಿ. ದೇಶಮುಖರನ್ನೊಳಗೊಂಡ ಭಾರತದ ತಂಡವೂ ಅಲ್ಲಿತ್ತು. ಉಳಿದ ನಾಣ್ಯಗಳನ್ನು ಡಾಲರಿಗೆ, ಡಾಲರನ್ನು ಚಿನ್ನಕ್ಕೆ ಕಟ್ಟಿದ್ದು ಆ ಸಭೆ. ದರ ಔನ್ಸಿಗೆ 35 ಡಾಲರ್, ಮುಳುಗುತ್ತಿದ್ದ ಬೆಲೆಗಳನ್ನು ಎತ್ತಲು ರೂಸ್‌ವೆಲ್ಟ್ ಹತ್ತು ವರ್ಷಗಳ ಹಿಂದೆ ಗೊತ್ತುಮಾಡಿದ್ದ ಅದೇ ದರ. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಆ ಗಂಟನ್ನು ಬಿಚ್ಚಿದರು.