ಶ್ರೀರಂಗಪಟ್ಟಣದಲ್ಲಿ ಎರಡು ದಿನದ ಕಾಲ್ನಡಿಗೆ

ರಾಜಧಾನಿಯ ಪದವಿಯನ್ನು ಕಳೆದುಕೊಂಡ ಪಟ್ಟಣವನ್ನು ವಾಹನದಲ್ಲಿ ಕುಳಿತು ನೋಡುವುದು ವ್ಯರ್ಥ. 1610ರಲ್ಲಿ ರಾಜ ಒಡೆಯರ ವಶಕ್ಕೆ ಬಂದಂದಿನಿಂದ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ ಹೆಜ್ಜೆಗೊಂದು ಸ್ಮಾರಕವುಂಟು. ಶನಿವಾರದ ಅಪರಾಹ್ಣವೂ ಭಾನುವಾರದ ಹಗಲೂ ದೊರೆತರೆ ಸಂಸಾರಸಮೇತರಾಗಿ ನಡೆದೇ ನೋಡಬಹುದು.

ಚಿನಕುರಳಿಯವರಾದ ನಮಗೆ ಆ ಊರಿನ ದಾರಿಯೇ ಇತಿಹಾಸದ ದಾರಿ. 1771ರ ಮಾರ್ಚಿಯಲ್ಲಿ ತ್ರಿಂಬಕರಾಯನ ಮರಾಠಾ ಸೇನೆಯು, ಮೇಲುಕೋಟೆಯ ಕಡೆಯಿಂದ ಹಿಂದೆಗೆಯುತ್ತಿದ್ದ ಹೈದರಾಲಿಯನ್ನು ಬೆನ್ನಟ್ಟಿ ಬಂದು ನಮ್ಮೂರ ಬಳಿಯಲ್ಲಿ ಪರಾಭವಗೊಳಿಸಿತು. ಹೈದರನು ಶ್ರೀರಂಗಪಟ್ಟಣಕ್ಕೆ ಪಲಾಯನ ಮಾಡಬೇಕಾಯಿತು. ನಾವಾದರೋ ಮೊಮ್ಮಕ್ಕಳೊಡನೆ ಪಾಂಡವಪುರದ ಮೇಲೆ ಬಸ್ಸಿನಲ್ಲಿ ಸುಖವಾಗಿ ಹೋಗಿ ಇಳಿದೆವು.

ಮೊದಲು ರಂಗನಾಥನ ದರ್ಶನ. ದೇವಾಲಯದ ಎದುರಿಗೆ ಟೀಪು ಸುಲ್ತಾನನ ಅರಮನೆಯಾದ ಲಾಲ್ ಮಹಲಿನ ತಳಹದಿ ಮಾತ್ರ ಉಳಿದಿದೆ. ಅಲ್ಲಿಂದ ಕರ್ನಲ್ ಬೇಲಿಯ ಹೆಸರಿನ ನೆಲಮಾಳಿಗೆಯ ಸೆರೆಮನೆಗೆ ಇಳಿದೆವು. ಬೇಸಗೆಯಲ್ಲಿಯೂ ಅಲ್ಲಿ ತಂಪು, ಆದರೆ ಆ ತಂಪು ಹಿತವಾದುದಲ್ಲ. 1799ರ ಮೇ 4ರಂದು ಟೀಪುವಿನ ದೇಹವು ದೊರೆತ ಸ್ಥಳದಲ್ಲಿ ಒಂದು ಚಿಕ್ಕ ಶಿಲಾಫಲಕವಿದೆ. ಕೋಟೆಯ ಗೋಡೆ ಒಡೆದ ಕಡೆಯಲ್ಲಾದರೋ, ಮುತ್ತಿಗೆಯಲ್ಲಿ ಮಡಿದ ಆಂಗ್ಲಪಕ್ಷದ ಸೈನಿಕರಿಗಾಗಿ 1907ರಲ್ಲಿ ನಿಲ್ಲಿಸಿದ ಎತ್ತರದ ಸ್ತಂಭ. ಕೋಟೆಯನ್ನು ಕಾಯುತ್ತ ಸತ್ತ ಸಾಮಾನ್ಯ ಸಿಪಾಯಿಗಳ ಹೆಸರು ಹೇಳುವ ಕಲ್ಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಕತ್ತಲೆಯಾಗುತ್ತ ಬಂದಿತಾಗಿ ಹಿಂದಿರುಗಿದೆವು.

ಭಾನುವಾರ ಬೆಳಗ್ಗೆ, ಬಿಸಿಲೇರುವ ಮುನ್ನ, ಕೋಟೆಯ ಹೊರಗಿನ ದರಿಯಾದೌಲತ್ತಿಗೆ ನಡೆದೆವು. 1784ರಲ್ಲಿ ಟೀಪುವು ಕಟ್ಟಿಸಿದ ಈ ಬೇಸಗೆಯ ಅರಮನೆಯು ಈಗ ವಸ್ತುಸಂಗ್ರಹಾಲಯ. ಒಳಗಿನ ವಸ್ತುಗಳಿಗಿಂತ ಪಶ್ಚಿಮದ ಗೋಡೆಯೇ ಪ್ರೇಕ್ಷಣೀಯವೆಂದು ನಮ್ಮ ಮತ. 1780ರಲ್ಲಿ ಕಂಚಿಯ ಬಳಿ ಪೊಲ್ಲಿಲೂರಿನಲ್ಲಿ ಹೈದರನೂ ಟೀಪುವೂ ಆಂಗ್ಲರನ್ನು ಮುರಿದ ಯುದ್ಧವು ಅಲ್ಲಿ ಚಿತ್ರಿತವಾಗಿದೆ. ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತಿರುವವನೇ ಹಿಂದಿನ ದಿನ ನೋಡಿದ ಸೆರೆಮನೆಯ ಬೇಲಿ! ಅದೇ ಗೋಡೆಯಲ್ಲಿ ಚಿನಕುರಳಿ ಇಲ್ಲ. ಯಾವ ಅರಸು ತಾನೆ ತನ್ನ ತಂದೆಯ ಸೋಲನ್ನು ಬರೆಯಿಸಿಯಾನು?

ವಿನೋದವೆಂದರೆ, ಮಾಸಿದ್ದ ಆ ಚಿತ್ರವನ್ನು 1850ರ ದಶಕದಲ್ಲಿ ಪುನಃ ಬರೆಯಿಸಿದವನು ಆಂಗ್ಲರ ಗವರ್ನರ್ ಜನರಲ್ ಡಾಲ್ಹೌಸಿ.

“ತಾತ, ಅವರು ಸೋತದ್ದನ್ನು ಅವರೇ ಯಾಕೆ ಬಿಡಿಸಿದರು?” ಎಂದು ಮೊಮ್ಮಗಳು ಕೇಳಿದಳು. ಕೊನೆಯ ಗೆಲುವು ತಮ್ಮದಾದ ಮೇಲೆ ಹಳೆಯ ಸೋಲು ನೋವುಂಟುಮಾಡುವುದಿಲ್ಲ ಎಂದೆವು. ಅವಳಿಗೆ ಪೂರ್ಣ ಸಮಾಧಾನವಾದಂತೆ ತೋರಲಿಲ್ಲ, ನಮಗೂ ಇಲ್ಲ.

ಗಂಜಾಮಿನ ಕಡೆಗೆ ನಡೆದರೆ ಗುಂಬಜ್. ಹೈದರ್, ಅವನ ಪತ್ನಿ ಫಾತಿಮಾ, ಟೀಪು ಮೂವರ ಸಮಾಧಿಗಳು ಒಂದೇ ಸೂರಿನಡಿ ಇವೆ. ಸುತ್ತಲೂ 36 ಕರಿಗಲ್ಲಿನ ಕಂಬಗಳು. ದಂತದ ಕೆತ್ತನೆಯುಳ್ಳ ಕರಿಮರದ ಬಾಗಿಲುಗಳು ಅದೇ ಡಾಲ್ಹೌಸಿಯ ಕಾಣಿಕೆ. ಆವರಣದಲ್ಲಿಯೇ, 1782ರಲ್ಲಿ ಸೆರೆಯಲ್ಲಿ ಸತ್ತ ಬೇಲಿಗೆ ಅವನ ಸೋದರನ ಮಗನು 1816ರಲ್ಲಿ ಕಟ್ಟಿಸಿದ ಸ್ಮಾರಕವುಂಟು. ಸೆರೆಹಿಡಿದವರೂ ಸೆರೆಯಾದವನೂ ಹೀಗೆ ನೆರೆಯವರಾಗಿದ್ದಾರೆ. ಮಕ್ಕಳು ಇಲ್ಲಿ ಬಹಳ ಹೊತ್ತು ನಿಂತರು.

ಇನ್ನೂ ಕಾಲಿನಲ್ಲಿ ಬಲವುಳ್ಳವರು ಸಂಗಮದವರೆಗೆ ಹೋಗಬಹುದು. ಬುತ್ತಿಯನ್ನು ಅಲ್ಲಿಯೇ ಬಿಚ್ಚಿರಿ. ಆದರೆ ಮಕ್ಕಳನ್ನು ಹೊಳೆಗಿಳಿಯಗೊಡಬೇಡಿರಿ. ಮೇಲೆ ಶಾಂತವಾಗಿ ಕಂಡರೂ ಕಾವೇರಿಯ ಸೆಳೆತ ಬಲವಾದುದು.